ಮುದಿ ಬೆಕ್ಕಿನ ಬಾಯಾರಿಕೆ

ಅಟ್ಟದ ಮೇಲಿನ ಬಲೆ ಒದ್ದೆಯಾಗಿರುವುದನ್ನು ಮೊದಲು ಕಂಡವನು ಮಾಬ್ಲ. ಆಷಾಢದ ಮಳೆ ಬಿಡದೆ ಹಿಡಿದುಕೊಂಡಿತ್ತು. ಮಾಡು ಸೋರಿದೆ ಎಂದುಕೊಂಡು ಅವನು ಗೊಣಗುತ್ತಲೇ ಏಣಿ ಹತ್ತಿ, ಆ ಜಾಗದ ಹಳೆಯ ತೆಂಗಿನ ಮಡಲು ಕಿತ್ತು, ಹೊಸ ಮಡಲು ಹೊದೆಸಿ ಇಳಿದ. ಕೆಲವು ದಿನ ಬಿಟ್ಟು ನೋಡಿದರೆ ಅದೇ ಜಾಗದಲ್ಲಿ ಮತ್ತೆ ಒದ್ದೆ. ಬೆರಳಿನಿಂದ ಮುಟ್ಟಿ ಮೂಗಿಗೆ ಹಿಡಿದ. ಏನೂ ವಾಸನೆಯಿಲ್ಲ. ಮಳೆನೀರೇ ಎಂದು ತೀರ್ಮಾನಿಸಿ ಮತ್ತೊಮ್ಮೆ ಮಾಡು ಹತ್ತಿದ. ಆ ಸಲ ಕಾಲು ಜಾರಿ ಮೊಣಕಾಲು ತರಚಿಕೊಂಡ.

ಮಾರನೆಯ ದಿನ ಅವನ ಹೆಂಡತಿ ಸೋಮಿ ಸಾರಿಗೆ ಹಾಕಲು ಒಣಗಿಸಿದ ಮುರುಗಲ ಸಿಪ್ಪೆ ತರಲೆಂದು ಅಟ್ಟಕ್ಕೆ ತಲೆ ಹಾಕಿದಳು. ಬಲೆಯ ರಾಶಿಯ ಮೇಲೆ ಮನೆಯ ಬೆಕ್ಕು ಬೂದಿ ಕುಕ್ಕರಿಸಿ ಕೂತಿತ್ತು. ಕಣ್ಣು ಅರೆಮುಚ್ಚಿದ್ದ ಅದು ಸೋಮಿಯನ್ನು ಕಂಡೂ ಏಳಲಿಲ್ಲ. ಉಚ್ಚೆ ಹೊಯ್ಯುತ್ತಲೇ ಇತ್ತು. ನಿಂತೀತು ಎಂದು ನೋಡಿದರೆ ನಿಲ್ಲಲಿಲ್ಲ. ಇಷ್ಟು ಸಣ್ಣ ಜೀವದ ಹೊಟ್ಟೆಯಲ್ಲಿ ಇಷ್ಟು ನೀರು ಎಲ್ಲಿತ್ತು ಎಂದು ಸೋಮಿ ಏಣಿಯ ಮೇಲೇ ದಂಗಾಗಿ ನಿಂತಳು.

ಅದು ಬರೀ ಮಾಬ್ಲನ ಬಲೆಯಾಗಿದ್ದರೆ ಮಾತು ಬೇರೆ ಇತ್ತು. ತೆಂಗಿನಗುಂಡಿಯ ರಂಪಣಿ ಬಲೆ ಒಬ್ಬರದ್ದಲ್ಲ. ಪಾಲುದಾರರು ತಮ್ಮ ತಮ್ಮ ಪಾಲಿನ ತುಂಡನ್ನು ಅವರವರ ಅಟ್ಟದಲ್ಲಿ ಇಟ್ಟುಕೊಂಡು ಮಳೆಗಾಲ ಕಳೆಯುತ್ತಾರೆ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಆ ತುಂಡುಗಳೆಲ್ಲ ದಂಡೆಗೆ ಬಂದು, ಒಂದಕ್ಕೊಂದು ಸೇರಿ, ಒಂದೇ ದೊಡ್ಡ ಬಲೆಯಾಗುತ್ತವೆ. ಒಬ್ಬನ ತುಂಡು ಕೊಳೆತಿದ್ದರೆ ಬಂಗಡೆಯ ಹಿಂಡು ಅಲ್ಲೇ ಹರಿದುಕೊಂಡು ಹೋಗುತ್ತದೆ. ಬಲೆ ಎಳೆದ ಎಲ್ಲರ ದುಡಿಮೆಯೂ ಆ ಒಂದು ತೂತಿನಲ್ಲಿ ಹೋಗುತ್ತದೆ. ಮೀನಿನ ವಾಸನೆಗೆ ಇಲಿಗಳು ಬಂದು ನೂಲು ಕಡಿಯುತ್ತವೆಂದು ಪ್ರತಿ ಪಾಲುದಾರನ ಮನೆಯಲ್ಲೂ ಬೆಕ್ಕು ಸಾಕುತ್ತಾರೆ. ಕಾಯಲು ಇಟ್ಟ ಬೆಕ್ಕೇ ಬಲೆ ಕೊಳೆಸುವುದನ್ನು ಆ ದಂಡೆಯಲ್ಲಿ ಯಾರೂ ಕೇಳಿರಲಿಲ್ಲ.

ಸೋಮಿ ವಿಷಯ ಮುಚ್ಚಿಡಲಿಲ್ಲ. ಗಂಡ ಬಂದ ಕೂಡಲೇ ಕಂಡದ್ದನ್ನು ಹೇಳಿದಳು. ಮಾಬ್ಲ ತರಚಿದ ಮೊಣಕಾಲನ್ನು ಒಮ್ಮೆ ನೋಡಿಕೊಂಡ. ಬೈಯಲಿಲ್ಲ. ಅವನ ತಾಯಿ ದುರ್ಗಿ ಒಳಗೆ ಚಾಪೆಯ ಮೇಲೆ ಮಲಗಿದ್ದಳು. ಆಕೆಗೆ ಕೇಳಬಾರದೆಂದು ಹೆಂಡತಿಯನ್ನು ಜಗಲಿಗೆ ಕರೆದ.

"ಹುಣ್ಣಿಮೆ ಒಳಗೆ ಇದು ನಿಲ್ಬೇಕು. ನಿಲ್ಲದಿದ್ರೆ ಚೀಲಕ್ಕೆ ಹಾಕಿ ಹೊಳೆ ಆಚೆ ಬಿಟ್ಟು ಬತ್ತೆ," ಎಂದ. "ಅಬ್ಬೆಗೆ ಎಂತದೂ ಹೇಳ್ಬೇಡ. ಬೂದಿ ಅಂದ್ರೆ ಅವ್ಳಿಗೆ ಜೀವ."

ಬೇಡದ ಬೆಕ್ಕನ್ನು ಹೊಳೆ ದಾಟಿಸಿ ಬಿಡುವುದು ಅಲ್ಲಿಯ ರೂಢಿ. ನೀರು ದಾಟಿದ ಬೆಕ್ಕಿಗೆ ಮನೆಯ ದಾರಿ ಸಿಗುವುದಿಲ್ಲ. ಮರಿಬೆಕ್ಕಾದರೆ ಆಚೆ ದಡದಲ್ಲಿ ಯಾವುದಾದರೂ ಮನೆ ಹಿಡಿದೀತು. ಹಲ್ಲು ಅರ್ಧ ಬಿದ್ದ ಬೂದಿ ಮಳೆಯಲ್ಲಿ ಎರಡು ದಿನವೂ ಬದುಕದು ಎಂಬುದು ಮಾಬ್ಲನಿಗೂ ಗೊತ್ತಿತ್ತು. ಅದಕ್ಕೇ ಅವನು ಹುಣ್ಣಿಮೆಯವರೆಗೆ ಸಮಯ ಕೊಟ್ಟದ್ದು.

ಬೂದಿ ಆ ಮನೆಗೆ ಸೋಮಿಗಿಂತ ಮೊದಲು ಬಂದದ್ದು. ದುರ್ಗಿ ಯಾವಾಗಲೋ ಹೊನ್ನಾವರದ ನೆಂಟರ ಮನೆಗೆ ಹೋದವಳು ಬರುವಾಗ ಮೀನಿನ ಬುಟ್ಟಿಯಲ್ಲಿ ಬೂದಿಬಣ್ಣದ ಒಂದು ಮರಿಯನ್ನು ಇಟ್ಟುಕೊಂಡು ಬಂದಿದ್ದಳು. ಸೋಮಿ ಮದುವೆಯಾಗಿ ಬಂದಾಗ ಅದು ಆಗಲೇ ಎರಡು ಸಲ ಮರಿ ಹಾಕಿ, ಮನೆಯ ಹಿರಿಯಳ ಹಾಗೆ ಒಲೆಯ ಪಕ್ಕ ಕೂತುಕೊಳ್ಳುತ್ತಿತ್ತು. ಹೊಸ ಸೊಸೆಯನ್ನು ಮೂಸಿ ನೋಡಿ, ಬೇಡವೆಂಬಂತೆ ಬೆನ್ನು ತಿರುಗಿಸಿತ್ತು. ಆಗ ದುರ್ಗಿ ನಕ್ಕು, ಇದು ನನ್ನ ಅತ್ತೆಯ ಗುಣ, ನಿಧಾನಕ್ಕೆ ಸರಿಯಾಗುತ್ತದೆ ಎಂದಿದ್ದಳು.

ಸೋಮಿಯ ತವರು ಕುಮಟೆಯ ಕಡೆಯ ಅಘನಾಶಿನಿ. ಹೊಳೆಯ ಬಾಯಲ್ಲಿ ನೀರಿಳಿದಾಗ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತ ಬೆಳೆದವಳು. ಕೆಸರಿನ ಮೇಲೆ ಕಾಣುವ ಸಣ್ಣ ತೂತನ್ನು ನೋಡಿ ಒಳಗೆ ಬಳಚು ಇದೆಯೇ ಇಲ್ಲವೇ ಎಂದು ಹೇಳಬೇಕಾದ ಕೆಲಸ ಅದು. ಹಾಗಾಗಿ ಅವಳಿಗೆ ಮಾತಿಗಿಂತ ನೋಟ ಹೆಚ್ಚು. ತಾಯಿ ಬೇಗ ತೀರಿಕೊಂಡಿದ್ದರಿಂದ ಮನೆಯಲ್ಲಿ ಹೆಂಗಸೆಂದರೆ ಅವಳೊಬ್ಬಳೇ. ಮುದುಕರೂ ಇರಲಿಲ್ಲ. ತೆಂಗಿನಗುಂಡಿಗೆ ಬಂದ ಮೊದಲ ವಾರ ದುರ್ಗಿ ಅವಳನ್ನು ಎದುರಿಗೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ ಸಿಕ್ಕು ಬಿಡಿಸಿದಾಗ, ಇನ್ನೊಬ್ಬರ ಕೈ ತನ್ನ ತಲೆಯನ್ನು ಮುಟ್ಟಿ ಎಷ್ಟು ವರ್ಷವಾಯಿತು ಎಂದು ನೆನೆದು ಸೋಮಿ ಅತ್ತುಬಿಟ್ಟಿದ್ದಳು. ಅಂಥ ಅತ್ತೆಯ ಬೆಕ್ಕು ಚೀಲ ಸೇರಬಾರದು. ಏನು ಮಾಡಿಯಾದರೂ ಹುಣ್ಣಿಮೆಯೊಳಗೆ ಇದನ್ನು ನಿಲ್ಲಿಸಬೇಕು. ಬೇರೆ ಯೋಚನೆಯೇ ಅವಳಿಗಿರಲಿಲ್ಲ.

ಅವಳು ಬೂದಿಯ ಹಿಂದೆ ಬಿದ್ದಳು. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅದರ ಬೆನ್ನ ಮೇಲೆ ಕೈಯಾಡಿಸುತ್ತಿದ್ದಳು. ಹೋದ ವರ್ಷ ಕೈಗೆ ಮಾಂಸ ಸಿಗುತ್ತಿದ್ದ ಕಡೆ ಈಗ ಮೂಳೆಯ ಸಾಲು ಸಿಗುತ್ತಿತ್ತು. ಕುತ್ತಿಗೆಯ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟರೆ ಅದು ಕೂಡಲೇ ಇಳಿಯದೆ ಮಡಿಕೆಯಾಗಿ ನಿಲ್ಲುತ್ತಿತ್ತು. ಹಿಂದೆಲ್ಲ ನೆಕ್ಕಿ ನೆಕ್ಕಿ ಹೊಳೆಯಿಸುತ್ತಿದ್ದ ಮೈಕೂದಲು ಒರಟಾಗಿ ನಿಂತಿತ್ತು. ಬಾಯಿ ತೆರೆಸಿ ಮೂಸಿದರೆ ಏನೋ ಒಂದು ಕೆಟ್ಟ ವಾಸನೆ. ಆದರೆ ಉಚ್ಚೆಗೆ ಮಾತ್ರ ವಾಸನೆಯಿಲ್ಲ. ಬೆಕ್ಕಿನ ಉಚ್ಚೆ ಎಂದರೆ ಮನೆಯಲ್ಲಿ ಕೂರಲಾಗದಷ್ಟು ನಾರಬೇಕು. ಇದರದು ತಿಳಿನೀರಿನ ಹಾಗೆ. ಸೋಮಿಗೆ ಅದರಿಂದ ಸಮಾಧಾನವೇ ಆಯಿತು. ಒಳಗೆ ಕೊಳೆಯಿಲ್ಲ, ಬರೀ ಕುಡಿದ ನೀರು ಹಾಗೇ ಹೊರಗೆ ಬರುತ್ತಿದೆ ಎಂದುಕೊಂಡಳು.

ಕುಡಿಯುವುದನ್ನೂ ನೋಡಿದಳು. ನೀರಿನ ಕೊಡಕ್ಕೆ ಮುಖ ಹಾಕಿದರೆ ನಾಲಿಗೆಯ ಚಪಚಪ ಸದ್ದು ನಿಲ್ಲುತ್ತಲೇ ಇರಲಿಲ್ಲ. ಕಾಲು ತೊಳೆಯುವ ಮಡಕೆ, ಪಾತ್ರೆ ತೊಳೆದ ನೀರು, ಅತ್ತೆಯ ಚಾಪೆಯ ಪಕ್ಕದ ಚೆಂಬು, ಯಾವುದನ್ನೂ ಅದು ಬಿಡುತ್ತಿರಲಿಲ್ಲ.

ಇದನ್ನೆಲ್ಲ ಕಂಡ ಮೇಲೆ ಸೋಮಿಗೆ ದಾರಿ ಸ್ಪಷ್ಟವಾಗಿ ಹೊಳೆಯಿತು. ಒಳಗೆ ಹೋಗುವ ನೀರು ಕಡಿಮೆಯಾದರೆ ಹೊರಗೆ ಬರುವ ನೀರೂ ಕಡಿಮೆಯಾಗಬೇಕು. ದೋಣಿಯಲ್ಲಿ ಹುಟ್ಟಿ ಬೆಳೆದ ಜನಕ್ಕೆ ಇದಕ್ಕಿಂತ ಸರಿಯಾದ ಲೆಕ್ಕ ಇನ್ನೊಂದಿಲ್ಲ. ನೀರು ಬರುವ ಕಡೆ ಮುಚ್ಚಬೇಕು, ಮೊಗೆದು ಚೆಲ್ಲುವುದು ತಾನಾಗಿ ನಿಲ್ಲುತ್ತದೆ.

ಕೊಡದ ಬಾಯಿಗೆ ಹಲಗೆ ಇಟ್ಟು ಅದರ ಮೇಲೆ ಮಸಾಲೆ ಅರೆಯುವ ಗುಂಡುಕಲ್ಲನ್ನು ಹೇರಿದಳು. ಬೂದಿ ಹಲಗೆಯನ್ನು ಮೂತಿಯಿಂದ ನೂಕುವುದು ಅವಳಿಗೆ ಗೊತ್ತಿತ್ತು. ಕಾಲು ತೊಳೆಯುವ ಮಡಕೆಯನ್ನು ಬೋರಲು ಹಾಕಿದಳು. ಅತ್ತೆಯ ಚಾಪೆಯ ಪಕ್ಕದ ಚೆಂಬನ್ನು ತೆಗೆದು ಒಳಗಿಟ್ಟಳು. ನೀರು ಬೇಕಾದಾಗ ಕರೆಯಿರಿ, ತಂದುಕೊಡುತ್ತೇನೆ ಎಂದು ಅತ್ತೆಗೆ ಹೇಳಿದಳು. ಏಕೆ ಎಂದು ಹೇಳಲಿಲ್ಲ. ಹೇಳಬೇಡವೆಂದು ಗಂಡನ ಮಾತಿತ್ತು. ದುರ್ಗಿ ಕಲ್ಲು ಹೇರಿದ ಕೊಡವನ್ನು ನೋಡಿದಳು, ಸೊಸೆಯ ಮುಖವನ್ನು ನೋಡಿದಳು, ಆತು ಎಂದಳು.

ಬೂದಿ ಮೊದಲ ದಿನ ಕೊಡದ ಸುತ್ತ ತಿರುಗಿತು. ಸೋಮಿಯ ಕಾಲಿಗೆ ಮೈ ಉಜ್ಜಿ ಕೂಗಿತು. ನಿನ್ನ ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಎಂದು ಅದಕ್ಕೆ ಹೇಳಿ, ಒಂದು ತೆಂಗಿನ ಗೆರಟೆಯಲ್ಲಿ ತಳ ಮುಚ್ಚುವಷ್ಟು ನೀರು ಕೊಟ್ಟಳು. ನೀರು ತೀರಿದ ಮೇಲೂ ಅದು ಗೆರಟೆಯನ್ನು ನೆಕ್ಕುತ್ತಲೇ ಇತ್ತು. ಅಟ್ಟದ ಬಲೆ ಮಾತ್ರ ಒಣಗಿಯೇ ಇತ್ತು. ಮಾಬ್ಲ ಏಣಿ ಹತ್ತಿ ಕೈಯಾಡಿಸಿ, ಇಳಿದು ಬಂದು, ಹೆಂಡತಿಯನ್ನು ನೋಡಿ ತಲೆಯಾಡಿಸಿದ. ಸೋಮಿಗೆ ಹೆಮ್ಮೆಯಾಯಿತು.

ಆದರೆ ಬೆಕ್ಕು ಸೂರಿನ ದಾರಿ ಕಂಡುಕೊಂಡಿತು. ಮಳೆಗೆ ಹೆದರಿ ಮಳೆಗಾಲವಿಡೀ ಹೊರಗೆ ಕಾಲಿಡದ ಬೂದಿ ಹಿಂದಿನ ಜಗಲಿಯ ಅಂಚಿಗೆ ಹೋಗಿ, ಸೂರಿನಿಂದ ಸುರಿದು ನೆಲದಲ್ಲಿ ಗುಳಿಬಿದ್ದ ಕಡೆ ನಿಂತ ನೀರನ್ನು ಕುಡಿಯತೊಡಗಿತು. ಮೈಯೆಲ್ಲ ತೊಯ್ದು ನಡುಗುತ್ತ ಒಳಗೆ ಬರುತ್ತಿತ್ತು. ಬಲೆ ಮತ್ತೆ ಒದ್ದೆಯಾಯಿತು. ಹುಣ್ಣಿಮೆ ಹತ್ತಿರವಾಗುತ್ತಿತ್ತು. ಬೇರೆ ಉಪಾಯ ಕಾಣದೆ ಸೋಮಿ ಬೂದಿಯನ್ನು ಹಿತ್ತಿಲ ಕಡೆಯ ಸಣ್ಣ ಕೋಣೆಗೆ ಹಾಕಿ ಬಾಗಿಲು ಎಳೆದಳು. ಅಲ್ಲಿ ಸೌದೆಯ ಜತೆ, ಮಳೆಗಾಲದ ಊಟಕ್ಕೆಂದು ಉಪ್ಪು ಹಾಕಿಟ್ಟ ಬಂಗಡೆಯ ಮಡಕೆಗಳಿದ್ದವು. ಕುಡಿಯಲು ಏನೂ ಇಲ್ಲದ ಜಾಗ ಎಂದೇ ಅವಳು ಅದನ್ನು ಆರಿಸಿದ್ದು.

ಒಂದು ದಿನ ಕೂಗಿತು. ಮಾರನೆಯ ದಿನ ಕೂಗು ನಿಂತಿತು. ರೂಢಿಯಾಯಿತು ಎಂದು ಸೋಮಿ ನೆಮ್ಮದಿಯಿಂದ ಗಂಜಿ ಬಸಿದಳು. ಊಟದ ಹೊತ್ತಿಗೆ ಒಂದು ಮೀನು ತೆಗೆಯೋಣವೆಂದು ಬಾಗಿಲು ತೆರೆದಳು.

ಬೂದಿ ಉಪ್ಪುಮೀನಿನ ಮಡಕೆಯ ಕಂಠಕ್ಕೆ ಮುಂಗಾಲು ಹಚ್ಚಿ ನಿಂತಿತ್ತು. ಮಡಕೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಒಳಗೆ ಜಗ್ಗಿಹೋಗಿತ್ತು. ಅದು ಮೀನು ತಿನ್ನುತ್ತಿದೆ ಎಂದು ಸೋಮಿ ಕೈಯೆತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಬೆಕ್ಕು ಮೀನನ್ನು ಮುಟ್ಟಿರಲಿಲ್ಲ. ಮೀನಿನ ಮೇಲೆ ನಿಂತ ಕಂದು ಬಣ್ಣದ ಉಪ್ಪುನೀರನ್ನು ಕುಡಿಯುತ್ತಿತ್ತು. ಬೆರಳು ಅದ್ದಿದರೆ ಗಾಯ ಉರಿಯುವಂಥ ಉಪ್ಪುನೀರು. ಒಂದೊಂದು ಗುಟುಕಿಗೂ ಅದರ ಮೈಯೆಲ್ಲ ಅದುರುತ್ತಿತ್ತು. ಕೆಳಗಿಳಿದು ಕಕ್ಕಿತು. ಕಕ್ಕಿದ ಬಾಯಿಯನ್ನು ಒರೆಸಿಕೊಳ್ಳದೆ ಮತ್ತೆ ಮಡಕೆಗೆ ಕಾಲು ಹಚ್ಚಿತು.

ಅಘನಾಶಿನಿಯಲ್ಲಿ ನೀರು ಕುಡಿದು ಸತ್ತವರನ್ನು ಸೋಮಿ ನೋಡಿದ್ದಳು, ಗಾಳಿಗೆ ಮಗುಚಿದ ದೋಣಿಯನ್ನು ನೋಡಿದ್ದಳು. ಆದರೆ ಬಾಯಾರಿಕೆ ಒಂದು ಜೀವದ ಕೈಯಲ್ಲಿ ಹೀಗೆ ಮಾಡಿಸುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಇದು ಕೊಬ್ಬಲ್ಲ, ಚಟವಲ್ಲ. ಇದಕ್ಕೆ ನೀರು ಬೇಕೇ ಬೇಕಿತ್ತು. ಬೇಕೇ ಬೇಕಾದದ್ದರ ಮೇಲೆ ತಾನು ಕಲ್ಲು ಹೇರಿದ್ದಳು.

ಬೆಕ್ಕನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡಳು. ಅದು ಹಗುರಾಗಿ ತೋಳಿನಲ್ಲಿ ಜೋತುಬಿತ್ತು. ಅತ್ತೆಯನ್ನು ಕರೆಯುತ್ತ ಒಳಗೆ ಓಡಿದಳು. ಚಾಪೆಯ ಮೇಲೆ ಅತ್ತೆ ಇರಲಿಲ್ಲ. ಊರುಗೋಲೂ ಇರಲಿಲ್ಲ. ಹಿಂದಿನ ಜಗಲಿಯ ಕಡೆ ಏನೋ ಅಲುಗಿದಂತಾಗಿ ಅಲ್ಲಿಗೆ ಹೋದಳು.

ದುರ್ಗಿ ಜಗಲಿಯ ಅಂಚಿನಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡು ಕೈಯನ್ನೂ ಬೊಗಸೆ ಮಾಡಿ ಸೂರಿನ ಕೆಳಗೆ ಹಿಡಿದಿದ್ದಳು. ಬೊಗಸೆ ತುಂಬಿತು. ತುಂಬಿದ್ದನ್ನು ಬಾಯಿಗೆ ತಂದು ಕುಡಿದಳು. ಮಡಲಿನ ಮೇಲಿಂದ ಇಳಿದ ಆ ನೀರು ಚಹಾದ ಬಣ್ಣದ್ದಾಗಿತ್ತು. ಕುಡಿದು, ಮತ್ತೆ ಬೊಗಸೆ ಹಿಡಿದಳು.

ಸೋಮಿಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ. ತಾನು ನೋಡುತ್ತಿರುವುದು ಯಾರನ್ನು ಎಂಬುದೇ ಅರ್ಥವಾಗಲಿಲ್ಲ.

"ಎಂತ ಮಾಡ್ತಿದ್ರಿ ಅತ್ತೆ?"

ದುರ್ಗಿ ಬೆಚ್ಚಿ ಕೈಯನ್ನು ಸೀರೆಯ ಹಿಂದೆ ಸರಿಸಿದಳು. ಮಕ್ಕಳು ಬೆಲ್ಲ ಕದ್ದು ಸಿಕ್ಕಿಬಿದ್ದಾಗ ಸರಿಸುವ ಹಾಗೆ.

"ಬಾಯಿ ಒಣಗ್ತು. ಸ್ವಲ್ಪೇ ಕುಡ್ದದ್ದು ಮಗಾ," ಎಂದಳು. "ಚಾಪೆ ಒದ್ದೆ ಮಾಡುದಿಲ್ಲ."

ಸೋಮಿ ಬೆಕ್ಕನ್ನು ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತಳು. ಚಾಪೆಯ ಮಾತು ಈಗ ನೆನಪಾಯಿತು. ಮಳೆ ಹಿಡಿಯುವ ಮೊದಲು ಒಂದು ಬೆಳಿಗ್ಗೆ ಅತ್ತೆಯ ಚಾಪೆ ಒದ್ದೆಯಾಗಿತ್ತು. ಸೋಮಿ ಅದನ್ನು ತೊಳೆದು ಬಿಸಿಲಿಗೆ ಹಾಕುತ್ತ, ಮಲಗುವಾಗ ಅಷ್ಟು ನೀರು ಕುಡಿದರೆ ಹೀಗೇ ಆಗುತ್ತದೆ ಎಂದು ಆಡಿದ್ದಳು. ಸಿಟ್ಟಿನಿಂದ ಆಡಿದ್ದಲ್ಲ. ಆಡಿದ್ದನ್ನು ಅವಳು ಚಾಪೆ ಒಣಗುವುದರೊಳಗೆ ಮರೆತಿದ್ದಳು. ದುರ್ಗಿ ಮರೆತಿರಲಿಲ್ಲ.

"ಕೊಡ ಮುಚ್ಚಿದ್ದು ಬೂದಿಗೆ ಅತ್ತೆ. ನಿಮ್ಗಲ್ಲ," ಎಂದಳು ಸೋಮಿ.

"ಅದ್ಕೂ ಅಂತ ಗೊತ್ತಿತ್ತು. ಅದೂ ಇಲ್ಲೇ ಬಂದು ಕುಡೀತಿತ್ತಲ್ಲ," ಎಂದಳು ದುರ್ಗಿ. ಅವಳ ದನಿಯಲ್ಲಿ ದೂರು ಇರಲಿಲ್ಲ. "ಇಬ್ರೂ ಮುದ್ಕಿಯರೇ ಅಲ್ಲನೆ. ಇಬ್ರಿಗೂ ಸೇರ್ಸೇ ಮುಚ್ಚಿದ್ದಿ ಅಂದ್ಕಂಡೆ."

ಸೋಮಿ ಅತ್ತೆಯ ಮುಖವನ್ನು ನೋಡಿದಳು. ಎಷ್ಟೋ ದಿನದ ಮೇಲೆ ನೋಡುತ್ತಿರುವ ಹಾಗೆ ನೋಡಿದಳು. ತುಟಿ ಬಿರಿದು ಬಿಳಿಯ ಸಿಪ್ಪೆಯೆದ್ದಿತ್ತು. ಕಣ್ಣು ಒಳಗೆ ಹೋಗಿತ್ತು. ಕೈ ಹಿಡಿದು ಹಿಂಗೈಯ ಚರ್ಮ ಎತ್ತಿ ಬಿಟ್ಟರೆ ಅದು ಮಡಿಕೆಯಾಗಿ ಹಾಗೇ ನಿಂತಿತು, ಬೂದಿಯ ಕುತ್ತಿಗೆಯಲ್ಲಿ ನಿಂತ ಹಾಗೇ. ದಿನವೂ ಬೆಳಿಗ್ಗೆ ಬೆಕ್ಕಿನ ಬಾಯಿ ತೆರೆಸಿ ನೋಡಿದವಳು ತಾನು. ಅದರ ಪಕ್ಕದಲ್ಲೇ ಚಾಪೆಯ ಮೇಲೆ ಮಲಗಿದ್ದ ಬಾಯಿಯನ್ನು ನೋಡಿರಲಿಲ್ಲ. ಅತ್ತೆ ಮಾತು ಕಡಿಮೆ ಮಾಡಿದ್ದಾಳೆ, ಮಳೆಯ ಚಳಿಗೆ ಇರಬೇಕು ಎಂದುಕೊಂಡಿದ್ದಳು. ಬೇಕಾದಾಗ ಕರೆಯಿರಿ ಎಂದದ್ದೇನೋ ನಿಜ. ಇಷ್ಟು ದಿನವಾದರೂ ಒಮ್ಮೆಯೂ ಏಕೆ ಕರೆಯಲಿಲ್ಲ ಎಂಬ ಪ್ರಶ್ನೆ ಅವಳ ತಲೆಗೆ ಬಂದೇ ಇರಲಿಲ್ಲ.

ಆ ಮೇಲೆ ಅವಳು ಮಾಡಿದ್ದೆಲ್ಲ ಅವಳಿಗೇ ಸರಿಯಾಗಿ ನೆನಪಿಲ್ಲ. ಗುಂಡುಕಲ್ಲನ್ನು ಹೊತ್ತು ಅಂಗಳಕ್ಕೆ ಎಸೆದದ್ದು, ಅತ್ತೆಗೆ ಚೆಂಬು ಹಿಡಿದದ್ದು, ಬೂದಿಯ ಮೂತಿಯ ಮುಂದೆ ಗೆರಟೆ ಇಟ್ಟದ್ದು. ದುರ್ಗಿ ಗಟಗಟನೆ ಕುಡಿದಳು. ಬೂದಿಗೆ ತಲೆಯೆತ್ತಲು ಆಗಲಿಲ್ಲ. ಸೋಮಿ ಬೆರಳು ಅದ್ದಿ ಅದರ ನಾಲಿಗೆಗೆ ಹಚ್ಚಿದಳು. ದುರ್ಗಿ ಪಕ್ಕದಲ್ಲಿ ಕೂತು, ಹತ್ತಿಯ ಬಟ್ಟೆಯ ತುದಿಯನ್ನು ನೀರಲ್ಲಿ ನೆನೆಸಿ ಬಾಯಲ್ಲಿ ಹಿಂಡು, ಮಕ್ಕಳಿಗೆ ಹಾಗೇ ಮಾಡುವುದು ಎಂದಳು. ಹಾಗೇ ಮಾಡಿದರು. ಕತ್ತಲಾಗುವ ಹೊತ್ತಿಗೆ ಬೆಕ್ಕು ತಾನಾಗಿ ನುಂಗತೊಡಗಿತು.

ಮಾಬ್ಲ ಬಂದಾಗ ಸೋಮಿ ಎಲ್ಲವನ್ನೂ ಹೇಳಿದಳು. ಈ ಸಲ ಜಗಲಿಗೆ ಕರೆದು ಹೇಳಲಿಲ್ಲ, ಅತ್ತೆಯ ಎದುರೇ ಹೇಳಿದಳು. ಅವನು ತಾಯಿಯನ್ನು ನೋಡಲಾರದೆ ಕೊಡದ ಕಡೆ ನೋಡಿದ. ಸೂರಿನ ನೀರು ಕುಡಿದಳೆಂಬುದು ಅವನ ತಲೆಯೊಳಗೆ ಇಳಿಯಲು ಹೊತ್ತು ಹಿಡಿಯಿತು. ಅಬ್ಬೆ, ನನ್ನನ್ನೊಂದು ಮಾತು ಕೇಳಬಹುದಿತ್ತಲ್ಲ ಎಂದ. ನೀನು ಬೆಕ್ಕಿನ ಮಾತನ್ನು ನನ್ನ ಹತ್ತಿರ ಆಡಿದ್ದಿಯಾ ಎಂದು ದುರ್ಗಿ ತಿರುಗಿ ಕೇಳಿದಳು. ಅವನು ಊಟ ಮಾಡಲಿಲ್ಲ.

ಮರುದಿನ ಸೋಮಿ ಒಣ ಸೀಗಡಿಯ ಬುಟ್ಟಿ ಹೊತ್ತು ಭಟ್ಕಳದ ಪೇಟೆಗೆ ಹೋದಳು. ಮಾರಾಟ ಮುಗಿಸಿ ದನದ ದವಾಖಾನೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಳು. ಒಳಗೆ ಹೋಗಲು ನಾಚಿಕೆ. ದನವಿಲ್ಲದೆ ದನದ ದವಾಖಾನೆಗೆ ಯಾರು ಬರುತ್ತಾರೆ? ಕೊನೆಗೆ ಅಲ್ಲಿಯ ಕಂಪೌಂಡರನೇ ಹೊರಗೆ ಬಂದು, ಎಮ್ಮೆಗೆ ಎಂತ ಆತು ಎಂದು ಕೇಳಿದ. ಎಮ್ಮೆಯಲ್ಲ, ಬೆಕ್ಕು ಎಂದಳು. ಅವನು ನಕ್ಕ. ಇಲ್ಲಿ ಹುಲಿ ಕಡಿದ ಎತ್ತು ಬಂದಿದೆ, ಹುಲಿಯ ನೆಂಟ ಇದುವರೆಗೆ ಬಂದಿರಲಿಲ್ಲ ಎಂದ. ಆದರೆ ಅವಳ ಮುಖ ನೋಡಿ ನಗುವನ್ನು ಬಿಟ್ಟು, ಬಾಗಿಲ ಮೆಟ್ಟಿಲ ಮೇಲೆ ಕೂತು ಕೇಳಿದ. ಸೋಮಿ ಕಂಡದ್ದನ್ನೆಲ್ಲ ಹೇಳಿದಳು. ಕೊಡ ಮುಚ್ಚಿದ್ದನ್ನೂ ಹೇಳಿದಳು.

"ನೀರು ಕುಡೀತದೆ ಅಂತ ಉಚ್ಚೆ ಜಾಸ್ತಿ ಆದದ್ದಲ್ಲ ತಂಗಿ," ಎಂದ ಅವನು. "ಉಚ್ಚೆಯಾಗಿ ಹೋಗ್ತಾ ಉಂಟು ಅಂತ ಅದು ನೀರು ಕುಡೀತದೆ."

ಬೆನ್ನಿನ ಒಳಗೆ ಎರಡೂ ಬದಿಗೆ ಗೇರುಬೀಜದ ಆಕಾರದ ಎರಡು ಅಂಗಗಳಿವೆ, ಮೂತ್ರಪಿಂಡ ಎನ್ನುತ್ತಾರೆ ಎಂದು ವಿವರಿಸಿದ. ಮೈಗೆ ಬೇಕಾದ ನೀರನ್ನು ಹಿಡಿದಿಟ್ಟುಕೊಂಡು ಕೊಳೆಯನ್ನು ಹೊರಗೆ ಕಳಿಸುವುದು ಅವುಗಳ ಕೆಲಸ. ಮುದಿಯಾದಾಗ ಅವು ಸೋಲುತ್ತವೆ. ಆಗ ನೀರು ನಿಲ್ಲುವುದಿಲ್ಲ, ಕೊಳೆ ಹೋಗುವುದಿಲ್ಲ. ಉಚ್ಚೆಗೆ ವಾಸನೆಯಿಲ್ಲ ಎಂದರೆ ಕೊಳೆ ಒಳಗೇ ಉಳಿಯಿತು ಎಂದರ್ಥ. ಬಾಯಿ ನಾರುವುದು ಅದಕ್ಕೇ. ಸೋಮಿ ತಲೆತಗ್ಗಿಸಿ ಕೂತಳು. ಒಳ್ಳೆಯ ಲಕ್ಷಣ ಎಂದು ತಾನು ಸಂತೋಷಪಟ್ಟದ್ದೇ ಕೆಟ್ಟ ಲಕ್ಷಣವಾಗಿತ್ತು.

ಇದಕ್ಕೆ ತನ್ನಲ್ಲಿ ಔಷಧವಿಲ್ಲ ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಕೇಳಿದಷ್ಟು ನೀರು ಕೊಡು, ಉಪ್ಪುಮೀನು ಕೊಡಬೇಡ, ಹಸಿಮೀನನ್ನು ಬೇಯಿಸಿ ಸ್ವಲ್ಪಸ್ವಲ್ಪ ಕೊಡು. ಬೆನ್ನು ಮುಟ್ಟಿ ನೋಡುತ್ತಿರು, ವಸಡು ಬೆಳ್ಳಗಾಗುತ್ತದೆಯೇ ನೋಡು, ತಿಂದದ್ದು ಕಕ್ಕುತ್ತದೆಯೇ ನೋಡು. ಮೀನಿಗೂ ಮುಖ ತಿರುಗಿಸಿದರೆ ಆಮೇಲೆ ಹೆಚ್ಚು ದಿನವಿಲ್ಲ. ಸೋಮಿ ಎದ್ದವಳು ಮತ್ತೆ ನಿಂತು, ಮನೆಯಲ್ಲಿ ಅತ್ತೆಯೂ ಇದ್ದಾರೆ, ಅವರಿಗೂ ಬಾಯಾರಿಕೆ ಎಂದಳು. ಅದನ್ನು ಹೇಳುವಾಗ ಅವಳ ಕಣ್ಣು ತುಂಬಿತು. ಅವರನ್ನು ಮನುಷ್ಯರ ಡಾಕ್ಟರಿಗೆ ತೋರಿಸು, ಸಾಧ್ಯವಾದರೆ ಇವತ್ತೇ ತೋರಿಸು ಎಂದು ಅವನು ಗಂಭೀರವಾಗಿ ಹೇಳಿದ. ಆ ವಾರವೇ ಮಾಬ್ಲ ತಾಯಿಯನ್ನು ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿಕೊಂಡು ಬಂದ. ಡಾಕ್ಟರು ಪರೀಕ್ಷೆ ಮಾಡಿ, ದೊಡ್ಡ ಕಾಯಿಲೆ ಏನಿಲ್ಲ, ನೀರು ಸಾಲದೆ ಸೊರಗಿದ್ದಾರೆ ಎಂದರು. ದೊಡ್ಡ ಕಾಯಿಲೆಯಿದ್ದಿದ್ದರೆ ಸೋಮಿಗೆ ಅಷ್ಟು ಪೆಟ್ಟಾಗುತ್ತಿರಲಿಲ್ಲ.

ಹುಣ್ಣಿಮೆಯ ಮಾತನ್ನು ಮತ್ತೆ ಎತ್ತಬೇಕಾದವಳು ಸೋಮಿ. ಎತ್ತಲು ಧೈರ್ಯವಾಗಲಿಲ್ಲ. ಬೂದಿಗೆ ಈಗ ನೀರು ಸಿಗುತ್ತಿದೆ, ಉಚ್ಚೆಯೂ ಮೊದಲಿನಷ್ಟೇ. ಹಾಗಾದರೆ ಚೀಲ? ಅವಳು ಗಂಡನ ಕೈಯನ್ನೇ ನೋಡುತ್ತ ದಿನ ಕಳೆದಳು. ಒಂದು ಬೆಳಿಗ್ಗೆ ಮಾಬ್ಲ ಅಟ್ಟದ ಬಲೆಯನ್ನು ಕೆಳಗಿಳಿಸಿ ಹೆಗಲಿಗೆ ಹಾಕಿಕೊಂಡು ಹೊರಟ. ಪಾಲುದಾರ ವೆಂಕಟ್ರಮಣನ ಅಟ್ಟಕ್ಕೆ ಎಂದಷ್ಟೇ ಹೇಳಿದ.

ವೆಂಕಟ್ರಮಣ ಇಂಥ ಅವಕಾಶ ಬಿಡುವವನಲ್ಲ. ದಂಡೆಯ ಮೇಲೆ ಎಲ್ಲರೆದುರು, "ಬೆಕ್ಕು ಬಲೆಯನ್ನ ಮನೆ ಬಿಡ್ಸ್ತು. ಮುಂದಿನ ಮಳೆಗಾಲಕ್ಕೆ ಮಾಬ್ಲನ್ನೂ ಬಿಡಿಸ್ತದೆ, ಅವ್ನಿಗೂ ನನ್ನ ಅಟ್ಟದಲ್ಲೇ ಜಾಗ ಮಾಡ್ಬೇಕು," ಎಂದ.

ಎಲ್ಲರೂ ನಕ್ಕರು. ಮಾಬ್ಲನೂ ನಕ್ಕ. ಆದರೆ ಬಲೆ ಸೇರಿಸುವ ದಿನ ಯಾರೂ ನಗಲಿಲ್ಲ. ವೆಂಕಟ್ರಮಣ ಆ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಾಗ ಒದ್ದೆಯಾಗಿದ್ದ ಜಾಗ ಚರ್ರನೆ ಬಿಟ್ಟಿತು. ಮಾಬ್ಲ ಕತ್ತಿ ತೆಗೆದು ಕೊಳೆತಷ್ಟನ್ನೂ, ಅದರ ಸುತ್ತ ಒಳ್ಳೆಯದಾಗಿದ್ದ ಒಂದು ಮೊಳವನ್ನೂ ಕತ್ತರಿಸಿ ಹಾಕಿದ. ಹೊಸ ನೂಲು ತಂದು, ಉಳಿದವರು ಊಟಕ್ಕೆ ಹೋದಾಗಲೂ ಏಳದೆ ಕೂತು ಹೆಣೆದ. ಹೆಣೆದದ್ದನ್ನು ವೆಂಕಟ್ರಮಣ ಮತ್ತೆ ಎಳೆದು ನೋಡಿ, ಇದು ಬಿಡೂದಿಲ್ಲ ಎಂದು ಒಪ್ಪಿದ ಮೇಲೆಯೇ ಅವನು ಮನೆಗೆ ಬಂದದ್ದು. ಬಂದವನು ಬೂದಿಯನ್ನು ಕಂಡ. ಅದು ತಾಯಿಯ ಮಡಿಲಿನಲ್ಲಿತ್ತು. ಚೀಲದ ಮಾತು ಎತ್ತದೆ ಒಳಗೆ ಹೋದ.

ಬೂದಿ ಹೋಳಿಯವರೆಗೆ ಬದುಕಿತು. ಸೋಮಿ ದಿನವೂ ಅದರ ಬೆನ್ನು ಮುಟ್ಟಿದಳು, ವಸಡು ನೋಡಿದಳು, ಮುಳ್ಳು ತೆಗೆದ ಬೇಯಿಸಿದ ಮೀನನ್ನು ಬೆರಳಲ್ಲಿ ಹಿಡಿದು ತಿನ್ನಿಸಿದಳು. ಬೆನ್ನ ಮೇಲಿನ ಮೂಳೆ ಮತ್ತೆ ಮುಚ್ಚಲಿಲ್ಲ. ಆದರೆ ಕೂದಲನ್ನು ನೆಕ್ಕತೊಡಗಿತು, ಒಂದೆರಡು ಸಲ ಒಲೆಯ ಬಳಿ ಆಟವನ್ನೂ ಆಡಿತು. ಒಂದು ದಿನ ಮೀನಿಗೆ ಮುಖ ತಿರುಗಿಸಿತು. ಸೋಮಿ ಹೇಳುವ ಮೊದಲೇ ದುರ್ಗಿಗೆ ತಿಳಿಯಿತು. ಕೊನೆಯ ದಿನ ನೀರನ್ನೂ ಬಿಟ್ಟಿತು. ತುಂಬಿದ ಗೆರಟೆ ಅದರ ಮುಂದೆ ಹಾಗೇ ಉಳಿಯಿತು. ದುರ್ಗಿಯ ತೊಡೆಯ ಮೇಲೆ ಹಗಲುಹೊತ್ತಿನಲ್ಲೇ ಅದರ ಉಸಿರು ನಿಂತಿತು. ಹಿತ್ತಿಲಲ್ಲಿ ಮಾಬ್ಲ ಹೊಂಡ ತೆಗೆದ.

ಸಾವಿಗೆ ಸೋಮಿ ಅಷ್ಟಾಗಿ ಅಳಲಿಲ್ಲ. ಬೊಗಸೆ ಹಿಡಿದ ಆ ಕೈ ಮಾತ್ರ ಅವಳ ಕಣ್ಣಿನಿಂದ ಹೋಗಲೇ ಇಲ್ಲ. ಮೀನು ಹೆಚ್ಚುವಾಗ, ದಂಡೆಯಲ್ಲಿ ನಡೆಯುವಾಗ, ಏನೂ ಕಾರಣವಿಲ್ಲದೆ ಅದು ಎದುರಿಗೆ ಬಂದು ನಿಲ್ಲುತ್ತಿತ್ತು. ಆಗೆಲ್ಲ ಅವಳು ಮಾಡುತ್ತಿದ್ದ ಕೆಲಸ ಬಿಟ್ಟು ಒಳಗೆ ಹೋಗಿ ಅತ್ತೆಯನ್ನು ನೋಡಿ ಬರುತ್ತಿದ್ದಳು. ದುರ್ಗಿ, ಎಂತದೆ, ನಾನು ಇನ್ನೂ ಹೋಗ್ಲಿಲ್ಲ ಎಂದು ತಮಾಷೆ ಮಾಡುತ್ತಿದ್ದಳು.

ಸೋಮಿ ಬೆಕ್ಕಿಗಾಗಿ ದವಾಖಾನೆಯವರೆಗೆ ಹೋಗಿ ಕೇಳಿಕೊಂಡು ಬಂದವಳು ಎಂಬ ಸುದ್ದಿ ದಂಡೆಯಲ್ಲಿ ಹರಡಿತ್ತು. ಬೇಸಿಗೆಯಲ್ಲಿ ಆಚೆ ಕೇರಿಯ ಸುಕ್ರಿ ಬಂದು, ತಮ್ಮ ಮನೆಯ ಗಂಡುಬೆಕ್ಕು ಮುದಿಯಾಗಿದೆ, ಸಿಕ್ಕಾಪಟ್ಟೆ ನೀರು ಕುಡಿಯುತ್ತದೆ, ಒಮ್ಮೆ ಬಂದು ನೋಡು ಎಂದು ಕರೆದಳು. ಸೋಮಿ ಹೋದಳು. ಸುಕ್ರಿಯ ಜಗಲಿಯಲ್ಲಿ ಕೂತು ಬೆಕ್ಕಿನ ಕುತ್ತಿಗೆಯ ಚರ್ಮ ಎತ್ತಿದಳು, ಬೆನ್ನು ಸವರಿದಳು, ಬಾಯಿ ಮೂಸಿದಳು. ನೀರು ಕೇಳಿದಷ್ಟು ಕೊಡು, ಉಪ್ಪುಮೀನು ಬೇಡ ಎಂದು ಕಂಪೌಂಡರ್ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಹೇಳಿ ಮುಗಿದ ಮೇಲೂ ಏಳಲಿಲ್ಲ.

"ನಿಮ್ಮನೇಲಿ ಮುದ್ಕ್ರು ಯಾರಿದ್ರು?" ಎಂದು ಕೇಳಿದಳು.

ಮಾವ ಒಳಗೆ ಮಲಗಿದ್ದಾರೆ, ಅವರಿಗೂ ಈ ಬೆಕ್ಕಿಗೂ ಎಂತ ಸಂಬಂಧ ಎಂದು ಸುಕ್ರಿ ನಕ್ಕಳು. ಸೋಮಿ ಸೆರಗು ಸರಿಮಾಡಿಕೊಂಡು ಎದ್ದು, ಕರೆಯುವ ಮೊದಲೇ ಒಳಗೆ ನಡೆದಳು.